ಬಾಗಿಲಿನ ಫೋಟೋ ತೆಗೆದು ಮುಗಿಸಿದ ದುರಸ್ತಿ

ನಗರಾಡಳಿತದ ಮಾನ್ಯ ಆಯುಕ್ತರೇ,

ಹೆಸರು ಗುಟ್ಟಾಗಿಡುತ್ತೇವೆ ಎಂದು ಮಾತು ಕೊಟ್ಟು ಜನರಿಂದ ದೂರು ಪಡೆಯುವ ನಿಮ್ಮ ಜಾಲತಾಣ, ಆ ಜನರ ಹೆಸರು, ವಿಳಾಸ, ಫೋನ್ ನಂಬರುಗಳನ್ನು ಕಂಡಕಂಡವರಿಗೆ ತೋರಿಸುತ್ತಿದೆ. ಇದನ್ನು ಸರಿಪಡಿಸುವ ತಿದ್ದುಪಡಿ ನಿಮ್ಮ ಕಚೇರಿಗೆ ತಲುಪಿ ತಿಂಗಳುಗಳಾದವು. ಅದನ್ನು ಅಳವಡಿಸಲು ಒಬ್ಬ ನೌಕರ ಚಹಾ ಕುಡಿಯುವಷ್ಟು ಹೊತ್ತು ಕಂಪ್ಯೂಟರಿನ ಮುಂದೆ ಕೂತರೆ ಸಾಕು. ಇನ್ನೂ ಯಾರೂ ಕೂತಿಲ್ಲ. ನನ್ನ ಅಹವಾಲು ಇಷ್ಟೇ. ತಮಗೆ ಪುರುಸೊತ್ತಿಲ್ಲದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಆ ಕೆಲಸ ಮಾಡಿಸಬಹುದು. ನನಗೇನೂ ಬೇಸರವಿಲ್ಲ.

ಹೊಟ್ಟೆಪಾಡಿಗೆ ನಾನು ಕನ್ನಡಕದ ಅಂಗಡಿಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ರಜೆಯ ದಿನಗಳಲ್ಲಿ, ನನ್ನಂಥದೇ ಹುಚ್ಚು ಹತ್ತಿದ ನಾಲ್ಕಾರು ಜನರ ಜೊತೆ ಸೇರಿ, ನೀವು ಬಳಸುತ್ತಿರುವ ಈ ದೂರು ತಂತ್ರಾಂಶವನ್ನು ಬರೆಯುತ್ತೇನೆ. ಇದು ಮುಕ್ತ ತಂತ್ರಾಂಶ. ಅಂದರೆ, ಇದನ್ನು ಹೇಗೆ ಬರೆದಿದ್ದೇವೆ ಎಂದು ಯಾರು ಬೇಕಾದರೂ ನೋಡಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು, ಕಾಸು ಕೊಡದೆ ಬಳಸಬಹುದು. ತಾವು ಈ ಮೂರರಲ್ಲಿ ಕೊನೆಯದನ್ನು ಮಾತ್ರ ಕಿವಿಗೆ ಹಾಕಿಕೊಂಡಿರಿ. ಉದ್ಘಾಟನೆಯ ದಿನ ನಮ್ಮ ಹೆಸರುಗಳನ್ನು ಅಳಿಸಿ ತಮ್ಮ ಭಾವಚಿತ್ರ ಹಾಕಿದಾಗಲೂ ನಾವು ನಕ್ಕು ಸುಮ್ಮನಾದೆವು. ಕೆಲಸ ನಡೆದರೆ ಸಾಕು, ಹೆಸರು ಯಾರದಾದರೇನು ಎಂದುಕೊಂಡೆವು.

ದೋಷವನ್ನು ಕಂಡುಹಿಡಿದವರು ನಮ್ಮ ಗುಂಪಿನ ಗಣಿತದ ಮೇಷ್ಟ್ರು. ಇಂಥದು ಕಂಡಾಗ ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಯಾರ ಮನೆಯ ಚಿಲಕ ಸಡಿಲವಾಗಿದೆ ಎಂದು ನಾವು ಬೀದಿಯಲ್ಲಿ ನಿಂತು ಕೂಗುವುದಿಲ್ಲ. ತಂತ್ರಾಂಶ ಬಳಸುವವರಿಗೆಲ್ಲ ಮೆಲ್ಲಗೆ ತಿಳಿಸಿ, ತಿದ್ದುಪಡಿ ಕೊಟ್ಟು, ಎಲ್ಲರೂ ಅಳವಡಿಸಿಕೊಂಡ ಮೇಲಷ್ಟೇ ಬಾಯಿ ಬಿಡುತ್ತೇವೆ. ನಮ್ಮ ತಂತ್ರಾಂಶ ಬಳಸುವ ಒಂದು ಗ್ರಂಥಾಲಯ, ಒಂದು ನೀರು ಸರಬರಾಜು ಕಚೇರಿ, ಬೇರೆ ಎರಡು ಊರಿನವರು ವಾರದೊಳಗೆ ಸರಿಪಡಿಸಿಕೊಂಡರು. ನಿಮಗೂ ಅದೇ ವಿವರ ಬರೆದೆ. ನಿಮ್ಮ ತಾಂತ್ರಿಕ ವಿಭಾಗದವರು ಸ್ವತಃ ಪರೀಕ್ಷಿಸಲಿ ಎಂದು, ದೋಷ ಹೇಗೆ ಕಾಣುತ್ತದೆಂಬುದನ್ನು ಒಂದೊಂದೇ ಹೆಜ್ಜೆಯಾಗಿ ವಿವರಿಸಿ, ಮೇಲೆ ದಪ್ಪಕ್ಷರದಲ್ಲಿ ‘ಗೌಪ್ಯ’ ಎಂದು ಬರೆದು ಕಳಿಸಿದೆ. ಆ ವಿವರವನ್ನು ಇಲ್ಲಿ ಬರೆಯುವುದಿಲ್ಲ. ಗುಟ್ಟು ಕಾಯುವ ಹೊಣೆ ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಇರಲಿ.

ನಿಮ್ಮ ಕಚೇರಿ ಮಾಡಿದ್ದೇನು ಗೊತ್ತೇ? ನಾಗರಿಕರಿಂದ ಬಂದ ಪತ್ರವೆಂದರೆ ಅದು ದೂರು, ದೂರೆಂದರೆ ಅದು ಜಾಲತಾಣದಲ್ಲಿ ದಾಖಲಾಗಬೇಕು ಎಂಬುದು ನಿಮ್ಮದೇ ಸುತ್ತೋಲೆ. ಟಪಾಲು ವಿಭಾಗದವರು ಸುತ್ತೋಲೆಯನ್ನು ಚಾಚೂ ತಪ್ಪದೆ ಪಾಲಿಸಿದರು. ನನ್ನ ಗೌಪ್ಯ ಪತ್ರವನ್ನು ಅಕ್ಷರಕ್ಕೆ ಅಕ್ಷರ, ಅದೇ ದೋಷವಿರುವ ಅದೇ ತಂತ್ರಾಂಶದಲ್ಲಿ, ದೂರಾಗಿ ದಾಖಲಿಸಿದರು. ತಂತ್ರಾಂಶದ ದೋಷಕ್ಕೆ ಪ್ರತ್ಯೇಕ ವಿಭಾಗವಿರಲಿಲ್ಲವಾದ್ದರಿಂದ ಬೀದಿದೀಪಕ್ಕೆ ವರ್ಗಾಯಿಸಿದರು.

ಬೀದಿದೀಪದ ಮೇಲ್ವಿಚಾರಕರು ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು ಕಂಬ ಎಲ್ಲಿದೆ ಎಂದು ಕೇಳಿದರು. ಹೊಸ್ತಿಲಲ್ಲಿ ನಿಂತು ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು, ನೀರು ಕುಡಿದರು. “ಮೇಡಂ, ನೀವು ಹೇಳಿದ್ದು ನನಗೆ ಒಂದೂ ಅರ್ಥ ಆಗಲಿಲ್ಲ. ಆದ್ರೆ ಸ್ಥಳದ ಫೋಟೋ ಹಾಕದೆ ದೂರು ಮುಗಿಯಲ್ಲ, ದೂರು ಮುಗೀದೆ ಸಾಹೇಬ್ರು ಬಿಡಲ್ಲ,” ಎಂದು ನಮ್ಮ ಮುಂಬಾಗಿಲಿನ ಫೋಟೋ ತೆಗೆದುಕೊಂಡು ಹೋದರು. ಮಧ್ಯಾಹ್ನ ನನ್ನ ಮೊಬೈಲಿಗೆ ಸಂದೇಶ ಬಂತು: ಸ್ಥಳ ಪರಿಶೀಲಿಸಲಾಗಿದೆ, ದೋಷ ಕಂಡುಬಂದಿಲ್ಲ, ದೂರು ವಿಲೇವಾರಿಯಾಗಿದೆ.

ಬಿದ್ದು ಬಿದ್ದು ನಕ್ಕೆ. ಆ ನಗು ಸಂಜೆಯವರೆಗೂ ಉಳಿಯಲಿಲ್ಲ. ವಿಲೇವಾರಿಯಾದ ದೂರುಗಳ ಒಕ್ಕಣೆ, ದೂರುದಾರರ ಹೆಸರಿಲ್ಲದೆ, ಜಾಲತಾಣದ ಮುಖಪುಟದಲ್ಲಿ ಎಲ್ಲರಿಗೂ ಕಾಣುತ್ತದೆ. ಕಚೇರಿಯ ಕೆಲಸ ಜನರಿಗೆ ತಿಳಿಯಲಿ ಎಂದು ನಾವೇ ಮಾಡಿದ ಏರ್ಪಾಡು ಅದು. ಹೀಗಾಗಿ ಊರಿನ ಗುಟ್ಟುಗಳನ್ನೆಲ್ಲ ತೆರೆಯುವ ವಿಧಾನ, ಹೆಜ್ಜೆ ಹೆಜ್ಜೆಯಾಗಿ, ನಮ್ಮ ಮನೆ ಬಾಗಿಲಿನ ಚಿತ್ರಸಮೇತ, ನಿಮ್ಮ ಮುಖಪುಟದಲ್ಲಿ ರಾರಾಜಿಸುತ್ತಿತ್ತು.

ಮರುದಿನ ಅಂಗಡಿಗೆ ರಜೆ ಹಾಕಿ ನಿಮ್ಮ ಕಚೇರಿಗೆ ಓಡಿದೆ. ತಾಂತ್ರಿಕ ವಿಭಾಗದ ಮುಖ್ಯಸ್ಥರು ನನಗೇ ಪಾಠ ಹೇಳಿದರು. “ಓಪನ್ ಅಂತ ನೀವೇ ಹೇಳ್ತೀರಿ. ಎಲ್ಲರೂ ನೋಡೋ ಸಾಫ್ಟ್‌ವೇರಲ್ಲಿ ಗುಟ್ಟು ಹೇಗೆ ಉಳಿಯುತ್ತೆ ಹೇಳಿ,” ಎಂದರು. ಬೀಗ ಹೇಗೆ ಕೆಲಸ ಮಾಡುತ್ತದೆಂದು ಊರಿಗೆಲ್ಲ ಗೊತ್ತಿದ್ದರೂ ನಮ್ಮ ಮನೆ ಬೀಗದ ಕೈ ನಮ್ಮ ಬಳಿಯೇ ಇರುತ್ತದಲ್ಲ ಸಾರ್ ಎಂದೆ. ಅವರು ಗಡಿಯಾರ ನೋಡಿದರು. ಕೊನೆಗೆ ಟಪಾಲಿನ ಗುಮಾಸ್ತರೊಬ್ಬರು ದಾರಿ ತೋರಿಸಿದರು. ಮುಗಿದ ದೂರನ್ನು ಮತ್ತೆ ತೆರೆದರೆ ಅದು ಮುಖಪುಟದಿಂದ ಮಾಯವಾಗುತ್ತದೆ. ಆ ಪುಣ್ಯಾತ್ಮರು ಹಾಗೆಯೇ ಮಾಡಿದರು. ಬಾಕಿ ದೂರುಗಳ ಸಂಖ್ಯೆ ಏರಿಸಿದ್ದಕ್ಕಾಗಿ ಅವರಿಗೆ ಆಮೇಲೆ ಕಾರಣ ಕೇಳುವ ನೋಟಿಸು ಹೋಯಿತಂತೆ. ಇಡೀ ಪ್ರಕರಣದಲ್ಲಿ ತಲೆ ಓಡಿಸಿದವರು ಅವರೊಬ್ಬರೇ. ನೋಟಿಸು ಹೋಗಿದ್ದೂ ಅವರೊಬ್ಬರಿಗೇ.

ಆದರೆ ಅಷ್ಟರಲ್ಲಿ ಓದಬೇಕಾದವರು ಓದಿಯಾಗಿತ್ತು. ನನ್ನ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಒಂದು ಬಾಡಿಗೆ ಕೋಣೆಯಲ್ಲಿ ಹೊಲಿಗೆ ಮಾಡುತ್ತಾಳೆ. ಹಿಂಬದಿಯಲ್ಲಿ ಹಳೆಯ ಬ್ಯಾಟರಿಗಳನ್ನು ಒಡೆಯುವ ಕಾರ್ಖಾನೆಯಿದೆ. ಅವರು ಚರಂಡಿಗೆ ಸುರಿಯುವ ಆಮ್ಲದ ಘಾಟಿಗೆ ಅವಳ ಕಣ್ಣು ಉರಿಯುತ್ತದೆ, ಕಿಟಕಿಯ ಬಳಿ ಇಟ್ಟ ಬಟ್ಟೆಯ ಮೇಲೆ ಕಂದು ಚುಕ್ಕೆಗಳು ಏಳುತ್ತವೆ. ಕಳೆದ ವರ್ಷ ದೂರು ಕೊಡುವ ಮೊದಲು ಅವಳು ನನ್ನನ್ನು ಕೇಳಿದ್ದು ಒಂದೇ: ಹೆಸರು ಹೊರಗೆ ಹೋಗುವುದಿಲ್ಲ ತಾನೇ? ‘ಹೆಸರು ಗೌಪ್ಯವಾಗಿರಲಿ’ ಎಂಬ ಚೌಕದಲ್ಲಿ ಅವಳ ಬೆರಳಿನಿಂದಲೇ ಗುರುತು ಹಾಕಿಸಿದೆ.

ನನ್ನ ಪತ್ರ ಮುಖಪುಟದಲ್ಲಿ ಕಾಣಿಸಿದ ವಾರವೇ ಕಾರ್ಖಾನೆಯ ಮಾಲೀಕ ಅವಳ ಕೋಣೆಗೆ ಬಂದ. ದನಿ ಏರಿಸಲಿಲ್ಲ. ಮೊಬೈಲು ತೆಗೆದು, ಅವಳ ದೂರನ್ನು ಅವಳಿಗೇ ಓದಿ ಹೇಳಿದ, ಹೆಸರು ಸಮೇತ. “ಅಕ್ಕಾ, ನಮ್ಮ ಹತ್ರಾನೇ ಹೇಳಬಹುದಿತ್ತು. ಹೇಗೆ ನೋಡೋದು ಅಂತ ಕಾರ್ಪೊರೇಷನ್‌ನವರೇ ಬರೆದು ಹಾಕಿದ್ರು, ಅದಕ್ಕೆ ಗೊತ್ತಾಯ್ತು. ಈ ವರ್ಷದ ಬಾಡಿಗೆ ಕರಾರು ಮುಗಿದ ಮೇಲೆ ಬೇರೆ ಕಡೆ ನೋಡ್ಕೊಳ್ಳಿ,” ಎಂದ. ಆ ಕೋಣೆ ಅವನ ಭಾವಮೈದುನನದು. ಅವಳ ಗಿರಾಕಿಗಳೆಲ್ಲ ಆ ಒಂದು ಬೀದಿಯವರು. ಹೊಲಿಗೆ ಯಂತ್ರವನ್ನು ಎಲ್ಲಿಗಾದರೂ ಸಾಗಿಸಬಹುದು, ಗಿರಾಕಿಗಳನ್ನು ಸಾಗಿಸಲಾದೀತೇ?

ನನ್ನನ್ನು ಬಯ್ದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಅವಳು ಬಯ್ಯಲಿಲ್ಲ. ಯಂತ್ರ ನಿಲ್ಲಿಸಿ, “ಬೇರೆಯವರ ಹೆಸರೂ ಹೀಗೇ ಕಾಣ್ತಿದೆಯೇನೇ?” ಎಂದು ಕೇಳಿದಳು. ಹೌದು ಎಂದೆ. ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ನಿಮ್ಮ ಕಚೇರಿಗೆ ಅಲೆದೂ ಅಲೆದೂ ಈಗ ಸುಸ್ತು ಮಾತ್ರ ಉಳಿದಿದೆ.

ಮಾನ್ಯರೇ, ಮೊನ್ನೆ ತಾವು ಪತ್ರಕರ್ತರ ಮುಂದೆ, ಚಿಕ್ಕಮ್ಮನಿರುವ ಬಡಾವಣೆಯಿಂದ ಬರುವ ದೂರುಗಳು ಅರ್ಧಕ್ಕಿಳಿದಿವೆ, ಇದು ಜನರ ನೆಮ್ಮದಿಯ ಗುರುತು ಎಂದಿರಿ. ಅವು ಹೇಗಿಳಿದವು ಎಂದು ಹೇಳುತ್ತೇನೆ ಕೇಳಿ. ಹೊಲಿದ ಬಟ್ಟೆ ಕೊಡಲು ಹೋದ ಮನೆಯಲ್ಲೆಲ್ಲ ಚಿಕ್ಕಮ್ಮ ಒಂದು ಮಾತು ಹೇಳಿ ಬರುತ್ತಿದ್ದಾಳೆ: “ಅದರಲ್ಲಿ ದೂರು ಕೊಡಬೇಡಿ, ಹೆಸರು ಹೊರಗೆ ಬರುತ್ತೆ.” ಜನರನ್ನು ಎಚ್ಚರಿಸುವುದು ನಿಮ್ಮ ಕಚೇರಿಯ ಕೆಲಸವಾಗಿತ್ತು. ಕೋಣೆ ಕಳೆದುಕೊಳ್ಳಲಿರುವ ಹೆಂಗಸು ಅದನ್ನು ಮಾಡುತ್ತಿದ್ದಾಳೆ.

ಆದ್ದರಿಂದ ಕೇಳುತ್ತೇನೆ. ಇವತ್ತೇ ತಿದ್ದುಪಡಿ ಹಾಕಿಸಿ. ಅಲ್ಲಿಯವರೆಗೆ ಜಾಲತಾಣ ಮುಚ್ಚಿಡಿ. ಯಾರ ಯಾರ ಹೆಸರು ಬಯಲಾಗಿದೆಯೋ ಅವರಿಗೆ ನೀವೇ ಬರೆದು ತಿಳಿಸಿ. ಯಾರ ಮೇಲೆ ದೂರು ಕೊಟ್ಟರೋ ಅವರ ಬಾಯಿಂದಲೇ ಅವರು ಅದನ್ನು ಕೇಳುವಂತಾಗಬಾರದು. ಚಿಕ್ಕಮ್ಮನ ಕೋಣೆ ಉಳಿಯುವಂತೆ ನೋಡಿಕೊಳ್ಳಿ, ಅದು ಹೋಗುತ್ತಿರುವುದು ನಿಮ್ಮಿಂದ. ಇಲ್ಲವಾದರೆ ಏನು ಮಾಡುತ್ತೀಯ ಎಂದು ತಾವು ಕೇಳಬಹುದು. ದೋಷದ ವಿವರ ಬಯಲು ಮಾಡುತ್ತೇನೆಂದು ಹೆದರಿಸಿದರೆ ತೊಂದರೆಯಾಗುವುದು ತಮಗಲ್ಲ, ಇನ್ನಷ್ಟು ಚಿಕ್ಕಮ್ಮಂದಿರಿಗೆ. ಹಾಗಾಗಿ ಕೇಳಿಕೊಳ್ಳುವುದಷ್ಟೇ ನನಗಿರುವ ದಾರಿ. ಆದರೆ ಚಿಕ್ಕಮ್ಮ ಬೀದಿಯ ಕೊನೆಯ ಮನೆ ತಲುಪುವ ಮೊದಲೇ ಇದನ್ನೆಲ್ಲ ಮಾಡಿ. ಆಮೇಲೆ ನಿಮ್ಮ ಜಾಲತಾಣ ಎಷ್ಟೇ ಭದ್ರವಾದರೂ, ಅದನ್ನು ನಂಬಿ ದೂರು ಕೊಡುವವರು ಯಾರೂ ಇರುವುದಿಲ್ಲ.

ಇಂತಿ,
ಸಂಬಳವಿಲ್ಲದೆ ಇದನ್ನು ಬರೆದು, ಈಗ ಇದನ್ನು ಬಳಸಬೇಡಿ ಎಂದು ಮನೆಯವರಿಗೆ ಹೇಳಿರುವ ಒಬ್ಬಳು