ಸಾಲಿನ ಕೊನೆಯಲ್ಲಿ ತುಂಡಾದ ಅಜ್ಜಿ

ಮನೆ, ಮಹಡಿ ಕೋಣೆಯ ಕಿಟಕಿ ಪಕ್ಕ
ಜೂನ್ 9, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ

ನನ್ನ ಮುದ್ದು ಚಿನಕುರುಳಿಗೆ,

ಹೇಗಿದ್ದೀಯೇ? ಹೊಟ್ಟೆ ತೊಳಸೋದು ನಿಂತಿತಾ? ಹಡಗಿನ ಡಾಕ್ಟರು ಕೊಟ್ಟ ಮಾತ್ರೆ ತಗೋ, ಮಂಚದ ಕೆಳಗೆ ಬಚ್ಚಿಡಬೇಡ, ನಿನ್ನನ್ನು ನಾನು ಬಲ್ಲೆ. ಸಮುದ್ರದ ತಳ ಅಳೆಯೋ ಕೆಲಸ ಎಲ್ಲಿಗೆ ಬಂತು? ನಾವಿಬ್ಬರೂ ಗಟ್ಟಿಯಾಗಿದ್ದೀವಿ. ನಿನ್ನ ತಾತ ಅಂಗಡಿ ಮುಚ್ಚಿ ಎಂಟು ವರ್ಷವಾದರೂ ನೆರೆಹೊರೆಯವರ ಗಡಿಯಾರ ಬಿಚ್ಚೋದು ಬಿಟ್ಟಿಲ್ಲ. ಬಿಚ್ಚಿದ್ದರಲ್ಲಿ ಒಂದೋ ಎರಡೋ ತಿರುಪು ಯಾವಾಗಲೂ ಉಳಿಯುತ್ತೆ. ಗಡಿಯಾರ ಮಾತ್ರ ನಡೆಯುತ್ತೆ, ಅದೇ ಆಶ್ಚರ್ಯ.

ಈಗ ವಿಷಯಕ್ಕೆ ಬರ್ತೀನಿ. ಹೊರಡುವಾಗ ನಿನ್ನ ಹಳೇ ಲ್ಯಾಪ್‌ಟಾಪ್ ನನ್ನ ಕೈಗಿಟ್ಟು, ನೀನು ಬರೆದ ಆ ಪುಸ್ತಕವಿಲ್ಲದ ಲೈಬ್ರರಿಯನ್ನು ನೋಡಿಕೋ ಅಂದಿದ್ದೆ. ಉದ್ದ ಪದಗಳನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಮುರಿಯಬೇಕು ಅಂತ ಕಂಪ್ಯೂಟರಿಗೆ ಹೇಳೋ ಕೋಡು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು ಅಂತ ವಿವರಿಸಿದ್ದೆ. ಯಾರಾದರೂ ದೂರು ಬರೆದರೆ "ಬರೆದವಳು ಸಮುದ್ರದಲ್ಲಿದ್ದಾಳೆ, ಆರು ತಿಂಗಳು ಬಿಟ್ಟು ಬನ್ನಿ" ಅಂತ ಅಂಟಿಸು, ಮಿಕ್ಕಿದ್ದಕ್ಕೆ ಕೈ ಹಾಕಬೇಡ ಅಂತಲೂ ಅಂದಿದ್ದೆ. ಏಳು ವಾರ ಅಂಟಿಸಿದೆ ಕಣೇ, ನಿಯತ್ತಾಗಿ. ಎಂಟನೇ ವಾರ ಒಬ್ಬ ಟೀಚರ ಪತ್ರ ಬಂತು. ಕಣ್ಣು ಮಂದವಾಗಿರೋ ಮಕ್ಕಳ ಶಾಲೆ ಅವರದು, ಹನ್ನೊಂದು ಮಕ್ಕಳು. ಅವರಿಗಾಗಿ ಪಾಠದ ಪುಸ್ತಕವನ್ನು ಹೆಬ್ಬೆಟ್ಟಿನಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸ್ತಾರೆ. ಅಷ್ಟು ದೊಡ್ಡ ಅಕ್ಷರ ಅಂದರೆ ಸಾಲಿಗೆ ಏಳೆಂಟು ಹಿಡಿದರೆ ಹೆಚ್ಚು, ಪ್ರತಿ ಸಾಲಲ್ಲೂ ಯಾವುದಾದರೊಂದು ಪದ ಮುರಿಯಲೇಬೇಕು. ಮುರಿಯೋದು ನಿನ್ನ ಲೈಬ್ರರಿ. ಅವರಿಗೂ ನಾನು ಸಮುದ್ರದ ಚೀಟಿ ಅಂಟಿಸಿದೆ. ಮಾರನೇ ದಿನ ಅವರು ಒಂದು ಪುಟದ ಫೋಟೋ ಕಳಿಸಿ, ಕೆಳಗೆ ಒಂದೇ ಸಾಲು ಬರೆದಿದ್ದರು: "ಆರು ತಿಂಗಳಿಲ್ಲ ಅಮ್ಮಾ, ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ಅಚ್ಚಿಗೆ ಹೋಗಬೇಕು, ಅದರ ಮುಂದಿನ ಸೋಮವಾರ ಹೊಸ ಪಾಠ ಶುರು."

ಫೋಟೋ ನೋಡಿದೆ. ಸಾಲಿನ ಕೊನೆಯಲ್ಲಿ "ಅಜ್" ಅಂತಿದೆ, ಮುಂದಿನ ಸಾಲಲ್ಲಿ "ಜಿ" ಅಂತಿದೆ. ಅಯ್ಯೋ ಪಾಪಿ, ಅಜ್ಜಿಯನ್ನೇ ಎರಡು ತುಂಡು ಮಾಡಿದ್ದೀಯಲ್ಲೇ! ಒತ್ತಕ್ಷರ ಬಂದಲ್ಲೆಲ್ಲ ಇದೇ ಗತಿ. ಕಲ್ಲು "ಕಲ್" ಆಗಿ ಒಂದು ಕಡೆ, "ಲು" ಆಗಿ ಇನ್ನೊಂದು ಕಡೆ. ಮಕ್ಕಳು "ಜಿ ಅಂದರೆ ಯಾರು ಟೀಚರ್?" ಅಂತ ಕೇಳ್ತಾರಂತೆ. ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಕೂತು ಕರಡು ತಿದ್ದಿದವಳು ನಾನು. ನನ್ನ ಕಣ್ಣೆದುರು ಒತ್ತಕ್ಷರ ಒಡೆದರೆ ಅನ್ನ ಇಳಿಯುತ್ತಾ? ಕೈ ಹಾಕಬೇಡ ಅಂದಿದ್ದೆ ನೀನು. ಹಾಕಿದೆ.

ಮೊದಲ ಮೂರು ದಿನ ಕೋಡು ನೋಡಿದರೆ ಇರುವೆ ಸಾಲು ನೋಡಿದ ಹಾಗಿತ್ತು. ಆಮೇಲೆ ನೀನು ಈ ಫಂಕ್ಷನಲ್ ಭಾಷೆ ಬಗ್ಗೆ ಯಾವಾಗಲೋ ಹೇಳಿದ್ದು ನೆನಪಾಯಿತು. "ಇದರಲ್ಲಿ ಪ್ರತಿಯೊಂದು ಫಂಕ್ಷನ್ನೂ, ಅಂದರೆ ಕೋಡಿನ ಪ್ರತಿ ತುಂಡೂ, ಗಿರಣಿ ಇದ್ದ ಹಾಗೆ ಅಜ್ಜಿ, ಗೋಧಿ ಹಾಕಿದರೆ ಯಾವತ್ತೂ ಗೋಧಿಹಿಟ್ಟೇ, ಹಾಕಿದ ಮೂಲವನ್ನು ಯಾರೂ ಕೆಡಿಸೋ ಹಾಗಿಲ್ಲ" ಅಂತ. ಅಲ್ಲವೇ ಮತ್ತೆ! ನಾವೂ ಲೇಖಕರ ಹಸ್ತಪ್ರತಿ ಮೇಲೆ ಕೈ ಇಡ್ತಿರಲಿಲ್ಲ, ತಿದ್ದೋದೆಲ್ಲ ಅಂಚಿನಲ್ಲಿ. ಅದು ಹೊಳೆದ ಮೇಲೆ ನಿನ್ನ ಕೋಡು ಮಾತಾಡೋಕೆ ಶುರು ಮಾಡಿತು. ಮೊದಲ ಅಕ್ಷರ ನೋಡು, ಉಳಿದದ್ದಕ್ಕೂ ಹೀಗೇ ಮಾಡು, ಪದ ಮುಗಿದರೆ ನಿಲ್ಲು. ಬಟಾಣಿ ಬಿಡಿಸೋಕೂ ಇದೇ ಅಲ್ಲವೇನೇ ಕ್ರಮ? ಕಂಪ್ಯೂಟರು "ಜ್" ಅನ್ನೋ ಅರ್ಧಾಕ್ಷರವನ್ನು ಪೂರ್ತಿ ಅಕ್ಷರ ಅಂದುಕೊಂಡು ಕತ್ತರಿ ಹಾಕ್ತಿತ್ತು. "ಹಿಂದಿನದು ಅರ್ಧಾಕ್ಷರವಾದರೆ ಕತ್ತರಿಸಬೇಡ" ಅಂತ ನಾನು ಒಂದು ಸಾಲು ಸೇರಿಸಿದೆ. ಅದರ ಜೊತೆ ನಮ್ಮ ಪ್ರೆಸ್ಸಿನ ಹಳೇ ನಿಯಮವನ್ನೂ ಸೇರಿಸಿದೆ, ಸಾಲಿನ ತುದಿಯಲ್ಲಿ ಒಂಟಿ ಅಕ್ಷರ ಬಿಡಬಾರದು ಅನ್ನೋದು.

ನಿನ್ನ ಲೈಬ್ರರಿಗೆ ಆಗಾಗ ಸಹಾಯ ಮಾಡೋರು ಒಬ್ಬರಿದ್ದಾರಲ್ಲ, ಚಿತ್ರದ ಜಾಗದಲ್ಲಿ ಗೂಬೆ ಹಾಕಿಕೊಂಡವರು, ಅವರಿಗೆ ಕಳಿಸಿದೆ. ಐದೇ ನಿಮಿಷದಲ್ಲಿ ಉತ್ತರ: "ಟೆಸ್ಟ್ ಎಲ್ಲಿ?" ಹೋದ ವಾರವಷ್ಟೇ ಮಾಡಿಸಿದ್ದೀನಿ, ಸಕ್ಕರೆ ಇಲ್ಲ, ಕೊಬ್ಬು ಸ್ವಲ್ಪ ಜಾಸ್ತಿ ಅಂತ ಬರೆದೆ. ಗೂಬೆ ಎಷ್ಟು ನಕ್ಕಿತೋ ಏನೋ, ಆಮೇಲೆ ಬಹಳ ಮರ್ಯಾದೆಯಿಂದ ವಿವರಿಸಿದರು. ಒಂದು ಪದ, ಅದನ್ನು ಸರಿಯಾಗಿ ಮುರಿಯೋದು ಹೇಗೆ ಅನ್ನೋ ಉತ್ತರ, ಎರಡನ್ನೂ ಬರೆದಿಟ್ಟರೆ ಕೋಡು ಬದಲಾದಾಗಲೆಲ್ಲ ಕಂಪ್ಯೂಟರು ತಾನೇ ತಾಳೆ ನೋಡುತ್ತಂತೆ. ಇಷ್ಟೇನಾ? ಕುಕ್ಕರಿನ ನಾಲ್ಕನೇ ಕೂಗಿನೊಳಗೆ ನೂರು ಪದ ಬರೆದೆ. ಎರಡು ದಿನದಲ್ಲಿ ಆರುನೂರ ಹನ್ನೆರಡು. ಎಲ್ಲ ಸರಿ ಅಂತ ಪರದೆ ಮೇಲೆ ಹಸಿರಾಗಿ ಬಂದಾಗ ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ ಅಂತ ನಿನ್ನ ತಾತ ಊರಿಗೆಲ್ಲ ಹೇಳಿಕೊಂಡು ತಿರುಗ್ತಿದ್ದಾರೆ. ತಟ್ಟಿದ್ದು ನಿಜ.

ಆದರೆ ಕೇಳು. ಟೀಚರು ಹೊಸ ಪುಟ ತೆಗೆದು ನೋಡಿ, ಅಜ್ಜಿ ಕೂಡಿಕೊಂಡಳು, ಈಗ ಬೇರೆ ತೊಂದರೆ ಅಂದರು. ನನ್ನ ಒಂಟಿ ಅಕ್ಷರದ ನಿಯಮದಿಂದಾಗಿ ಪದಗಳು ಇಡಿಯಾಗಿ ಕೆಳಗಿನ ಸಾಲಿಗೆ ಜಾರಿ ಪುಟದ ತುಂಬ ಹಲ್ಲುದುರಿದ ಬಾಯಿ ಹಾಗೆ ಖಾಲಿ ಜಾಗ. ಸಾಲು ಮಧ್ಯಕ್ಕೇ ನಿಂತರೆ ಮಕ್ಕಳು ವಾಕ್ಯ ಮುಗೀತು ಅಂತ ಬೆರಳು ಎತ್ತಿಬಿಡ್ತಾರಂತೆ. ನನಗೆ ಸಿಟ್ಟು ಬಂತು. ಮೂವತ್ತೆಂಟು ವರ್ಷದ ನಿಯಮ, ಇದನ್ನೇ ಎಷ್ಟು ಹುಡುಗರಿಗೆ ಬೈದು ಕಲಿಸಿದ್ದೀನಿ! ಎರಡು ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟು ಮೂತಿ ಉಬ್ಬಿಸಿಕೊಂಡು ಕೂತೆ. ಕೊನೆಗೆ ನಿನ್ನ ತಾತ ಗಡಿಯಾರ ನೋಡೋ ಮಸೂರ ಕಣ್ಣಿಂದ ತೆಗೆಯದೇನೇ ಅಂದರು: "ನಿಯಮ ಯಾರಿಗೋಸ್ಕರ ಮಾಡಿದ್ದು, ಓದೋರಿಗೋ ನಿನಗೋ?" ಅವರು ಅಷ್ಟು ಮಾತಾಡೋದೇ ಅಪರೂಪ. ಎದ್ದು ಹೋಗಿ ಲ್ಯಾಪ್‌ಟಾಪ್ ತೆರೆದೆ. ಗೂಬೆಯವರು ದಾರಿ ಹೇಳಿಕೊಟ್ಟರು. ಬೇಕಾದವರು ಆ ನಿಯಮ ಹಾಕಿಕೊಳ್ಳಲಿ, ಬೇಡದವರು ಬಿಡಲಿ, ಬಳಸೋರ ಕೈಯಲ್ಲೇ ಇರಲಿ ಅಂತ. ನನ್ನ ಕೈಯಾರೆ ನಾನೇ ಸಡಿಲಿಸಿದೆ. ಮನಸ್ಸು ಒಂಥರಾ ಹಗುರವಾಯಿತು, ಬಿಗಿ ಬಳೆ ತೆಗೆದ ಹಾಗೆ.

ಹೋದ ಗುರುವಾರ ಹನ್ನೊಂದು ಗಂಟೆಗೆ ಹೊಸ ಆವೃತ್ತಿ ಬಿಟ್ಟೆವು. ಕೆಳಗಿನ ಮನೆ ಟೈಲರು ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ ನೋಡೋಕೆ ಬಂದಿದ್ದರು. ಗುಂಡಿ ಒತ್ತಿದೆ, ಏನೂ ಸದ್ದಾಗಲಿಲ್ಲ. "ಇಷ್ಟೇನಾ?" ಅಂತ ಅವರಿಗೆ ಬಹಳ ನಿರಾಸೆ. ಮಧ್ಯಾಹ್ನ ಟೀಚರು ಪರದೆ ಮೇಲಿನ ಪುಟವನ್ನು ಮಕ್ಕಳ ಮುಂದಿಟ್ಟು ಫೋನು ಮಾಡಿದರು. ಓದೋಕೆ ಕೂತವಳು ಒಂಬತ್ತು ವರ್ಷದ ಹುಡುಗಿಯಂತೆ, ಮುಖ ನಾನು ಕಾಣೆ, ಧ್ವನಿ ಮಾತ್ರ ಕೇಳಿದೆ. ಪಾಠದ ಮೊದಲ ಪುಟ ಓದಿದಳು. ಒಂದು ಸಾಲಿಂದ ಇನ್ನೊಂದಕ್ಕೆ ಇಳಿಯುವಾಗ ಎಲ್ಲೂ ತಡವರಿಸಲಿಲ್ಲ, ಮೆಟ್ಟಿಲು ಗೊತ್ತಿದ್ದವಳ ಹಾಗೆ ಇಳಿದಳು. ಪುಟ ಮುಗಿದಾಗ ಟೀಚರು ಸಾಕು ಅಂದರು. "ನಾನು ನಿಲ್ಲಿಸಲ್ಲ" ಅಂದಳು ಆ ಪೋರಿ. ಇನ್ನೂ ಮೂರು ಪುಟ ಓದಿದಳು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ನಿನ್ನ ತಾತ ಗಡಿಯಾರದ ಬೆನ್ನು ಬಿಚ್ಚಿ ಹಿಡಿದವರು ಹಾಗೇ ನಿಂತಿದ್ದರು. ಶುಕ್ರವಾರ ಪುಸ್ತಕ ಅಚ್ಚಿಗೆ ಹೋಯಿತು.

ಕೋಪ ಮಾಡಿಕೋಬೇಡ ಕಂದಾ. ನಿನ್ನ ಬರಹ ಚೆನ್ನಾಗಿತ್ತು, ಅದಕ್ಕೇ ನನ್ನಂಥವಳಿಗೂ ತಿದ್ದೋಕೆ ಜಾಗ ಸಿಕ್ಕಿತು. ತಣ್ಣಗಿರು, ಹೊಟ್ಟೆ ತುಂಬ ತಿನ್ನು, ಹಡಗಿನ ಅಂಚಿಗೆ ವಾಲಬೇಡ. ನೂರು ಕಾಲ ಬಾಳು.

ನಿನ್ನ ಅಜ್ಜಿ

ತಾ.ಕ.: ನಿನ್ನ ತಾತ ಅಂಚೆಗೆ ಹಾಕೋಕೆ ಬಾಗಿಲಲ್ಲಿ ನಿಂತು ಕಾಲು ಕುಟ್ಟುತ್ತಿದ್ದಾರೆ, ಅವಸರದಲ್ಲಿ ಬರೀತಿದ್ದೀನಿ. ಆ ಶಾಲೆಯವರು ವಿಜ್ಞಾನ, ಭೂಗೋಳ, ಕಥೆ ಪುಸ್ತಕ ಎಲ್ಲವನ್ನೂ ದಪ್ಪಕ್ಷರಕ್ಕೆ ಇಳಿಸಬೇಕಂತೆ, ಅಲ್ಲೇ ಇದ್ದು ಕೆಲಸ ಮಾಡಿಕೊಡಿ ಅಂತ ನನ್ನನ್ನು ಕರೆದಿದ್ದಾರೆ. ಒಂದು ವರ್ಷ. ಹಿತ್ತಲಿರೋ ಎರಡು ಕೋಣೆ ಕೊಡ್ತಾರೆ. ಒಪ್ಪಿಕೊಂಡುಬಿಟ್ಟೆ. ಭಾನುವಾರ ಇಬ್ಬರೂ ಹೊರಡ್ತೀವಿ, ವಿಳಾಸ ಲಕೋಟೆ ಹಿಂದೆ ಇದೆ. ಹಡಗು ಇಳಿದವಳು ಸೀದಾ ಅಲ್ಲಿಗೇ ಬಾ, ಹನ್ನೊಂದು ಮಕ್ಕಳಿಗೆ ನಿನ್ನನ್ನು ನೋಡಬೇಕಂತೆ. ಅರವತ್ತೊಂಬತ್ತಕ್ಕೆ ನನಗೆ ಕೆಲಸ ಸಿಕ್ಕಿದೆ ಕಣೇ!