ಅಳಿಸದೆ ಬಿಟ್ಟ ಮಾತು

ತುಮಕೂರು
೧೨ ಆಗಸ್ಟ್ ೧೯೮೩

ವಿಶಾಲಾಕ್ಷಿಯವರೇ,

ಇದನ್ನು ಅಂಚೆಗೆ ಹಾಕುವ ಧೈರ್ಯ ನನಗಿಲ್ಲ.

ಇವತ್ತು ಕುಣಿಗಲ್ ಬಸ್ಸಿನಲ್ಲಿ ನಿಮ್ಮ ಎರಡು ಸೀಟು ಹಿಂದೆ ಕೂತಿದ್ದೆ. ನಿಮ್ಮ ತೊಡೆಯ ಮೇಲೆ ಮಗು ನಿಂತು ಆಡುತ್ತಿತ್ತು. ಮಾತಾಡಿಸಬಾರದು ಎಂದುಕೊಂಡಿದ್ದೆ. ಅಷ್ಟರಲ್ಲಿ ಮುದುಕಿಯೊಬ್ಬರು ಬಸ್ಸು ಹತ್ತುವಾಗ ಮುಗ್ಗರಿಸಿದರು. "ನಿಧಾನ, ಅಜ್ಜಿ," ಎಂದುಬಿಟ್ಟೆ.

ನಿಮ್ಮ ತಲೆ ಬಾಗಿತು. ಕೈ ಸಡಿಲವಾಗಿ ಮಗು ಜಾರಿತು.

"ಏನಮ್ಮಾ ಇಂಥಾ ನಿದ್ದೆ! ಮಗು ಬೀಳ್ತೈತೆ!" ಎಂದು ಕೂಗಿ ಕಂಡಕ್ಟರ್ ಅದರ ಅಂಗಿ ಹಿಡಿದುಕೊಂಡ. ಅವನು ಅಲುಗಿಸಿದರೂ ನೀವು ಏಳಲಿಲ್ಲ. ಬಸ್ಸಿಗೆಲ್ಲ ಕೇಳುವಂತೆ ನಾನು ಐದರವರೆಗೆ ಎಣಿಸಿದೆ. ನೀವು ಕಣ್ಣು ಬಿಟ್ಟು, ಮಗುವನ್ನು ಅವಚಿಕೊಂಡು, ಹಿಂತಿರುಗಿ ಯಾರನ್ನೋ ಹುಡುಕಿದಿರಿ. ನಾನು ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿದ್ದೆ.

ಮೂರು ವರ್ಷದ ಹಿಂದೆ ಗುಬ್ಬಿಯಿಂದ ವಾರವಾರ ನನ್ನ ಹತ್ತಿರ ಬರುತ್ತಿದ್ದಿರಿ. "ನಿದ್ದೇನೇ ಬರಲ್ಲ ಡಾಕ್ಟ್ರೇ," ಎಂದು ಅಳುತ್ತಿದ್ದಿರಿ. ನನ್ನ ದನಿಯಲ್ಲಿ ಮಾತ್ರ "ನಿಧಾನ" ಎಂದು ಕೇಳಿದರೆ ನಿದ್ದೆ ಹೋಗಬೇಕು, ನಾನು ಐದು ಎಣಿಸಿದರೆ ಏಳಬೇಕು ಎಂದು ಸಮ್ಮೋಹನದಲ್ಲಿ ನಿಮ್ಮ ಮನಸ್ಸಿಗೆ ಹಾಕಿದ್ದೆ. ಗುಣವಾದ ಮೇಲೆ ಅದನ್ನು ಅಳಿಸಿಯೇ ಕಳಿಸಬೇಕು; ಅದು ನಮ್ಮ ಕಸುಬಿನ ನಿಯಮ. ಕೊನೆಯ ದಿನ ನೀವು ನಗುತ್ತ ಲಗ್ನಪತ್ರಿಕೆ ಕೊಟ್ಟಿರಿ. ಅವತ್ತು ಮರೆತೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ.

ಇವತ್ತು ಬಸ್ಸಿನಲ್ಲೇ ಅಳಿಸಲು ಐದು ನಿಮಿಷ ಸಾಕಿತ್ತು. ನಿಮ್ಮ ಪಕ್ಕದ ಸೀಟೂ ಖಾಲಿಯಿತ್ತು. ಅಳಿಸಿದ್ದರೆ ನಿಮಗೆ ನನ್ನ ದನಿಯೂ ಒಂದೇ, ಆ ಕಂಡಕ್ಟರನ ದನಿಯೂ ಒಂದೇ ಆಗಿಬಿಡುತ್ತಿತ್ತು.

ಅಳಿಸದೆಯೇ ಹೆಬ್ಬೂರಿನಲ್ಲಿ ಇಳಿದುಬಿಟ್ಟೆ.