ರೂಪಾಲಿಯ ರಂಗೋಲಿ ಅಳಿಸಿದ ಕಚೇರಿಗೆ

ವಿಜ್ಞಾನ ಪ್ರದರ್ಶನದ ಹೊಣೆ ಹೊತ್ತ ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ಮಗಳ ರೋಬೋಟನ್ನು ನಿಮ್ಮ ಕಚೇರಿ ಸುರಕ್ಷಿತವಾಗಿ ಹಿಂದಿರುಗಿಸಿದೆ. ಚಕ್ರ ಒರೆಸಿದ್ದೀರಿ, ಹೊಸ ಸೆಲ್ ಹಾಕಿದ್ದೀರಿ, ಮೇಲೊಂದು ರಿಬ್ಬನ್ನನ್ನೂ ಕಟ್ಟಿದ್ದೀರಿ. ಒಳಗಿದ್ದ ಪ್ರೋಗ್ರಾಮನ್ನು ಮಾತ್ರ ಅಳಿಸಿದ್ದೀರಿ. ನನ್ನ ಹೆಂಡತಿ ರೂಪಾಲಿಯ ರಂಗೋಲಿ ಉಳಿದಿದ್ದು ಅದರಲ್ಲಷ್ಟೇ. ಈಗ ಅವಳೂ ಇಲ್ಲ.

ಅಕ್ಕಲಕೋಟದ ನಮ್ಮ ಹೊಸ್ತಿಲ ಮುಂದೆ ಅವಳು ದಿನಾ ಬಿಡಿಸುತ್ತಿದ್ದ ಆ ರಂಗೋಲಿ ಅವಳ ಅಜ್ಜಿಯಿಂದ ಬಂದದ್ದು. ಅದನ್ನು ಯಾರೂ ಕಾಗದದ ಮೇಲೆ ಬರೆದಿಟ್ಟಿರಲಿಲ್ಲ. ಲಕ್ವಾ ಹೊಡೆದು ಅವಳ ಬಲಗೈ ಬಿದ್ದುಹೋದಾಗ, ಎಂಟನೇ ತರಗತಿಯ ನಮ್ಮ ಅನುಜಾ, ಮಕ್ಕಳು ಕಲಿಯಲೆಂದೇ ಮಾಡಿದ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಎರಡು ಚಕ್ರ ಜೋಡಿಸಿದಳು. ಚಕ್ರಗಳು ಗೆರೆ ಕೆಡಿಸಬಾರದೆಂದು ಹಿಂದುಗಡೆ ತೂತಿನ ಡಬ್ಬಿ ಕಟ್ಟಿ ಅದರಲ್ಲಿ ರಂಗೋಲಿ ಪುಡಿ ತುಂಬಿದಳು. ತಾಯಿ ಮಂಚದಿಂದ ಹೇಳುವುದು, ಮಗಳು ಎರವಲು ತಂದ ಲ್ಯಾಪ್‌ಟಾಪಿನ ಪರದೆಯ ಮೇಲೆ ಬಣ್ಣಬಣ್ಣದ ಆಜ್ಞೆಗಳನ್ನು ಒಂದರ ಕೆಳಗೊಂದು ಜೋಡಿಸುವುದು.

"ಎರಡ ಬೆರಳ ಮುಂದ ಹೋಗಲಿ, ಆಮ್ಯಾಗ ಎಡಕ್ಕ ಹೊಳ್ಳಲಿ."

"ಅವ್ವಾ, ಅದಕ್ಕ ಬೆರಳ ತಿಳಿಯಂಗಿಲ್ಲ. ಎಷ್ಟ ಸೆಕೆಂಡ್ ಹೇಳು."

"ಸೆಕೆಂಡ್ ನನಗೆಲ್ಲಿ ತಿಳೀತದ, ಬಾಳಾ? ಓಡಸು. ನಾ ಸಾಕಂದ ಕೂಡ್ಲೆ ನಿಲ್ಸು."

ಹೀಗೆ ಸಾಕು, ಸಾಕು ಎನ್ನುತ್ತಲೇ ಇಡೀ ರಂಗೋಲಿ ಆ ಬೋರ್ಡಿಗೆ ಇಳಿಯಿತು. ಆ ಲ್ಯಾಪ್‌ಟಾಪು ಅದರ ಒಡೆಯರಿಗೆ ಮರಳಿತು. ಅವರು ಅದನ್ನು ಫಾರ್ಮ್ಯಾಟ್ ಮಾಡಿಸಿದರು, ಅದರಲ್ಲಿದ್ದ ಪ್ರತಿಯೂ ಹೋಯಿತು.

ಸೋಲಾಪುರದ ಪ್ರದರ್ಶನ ಮುಗಿದರೂ ರೋಬೋಟನ್ನು ನೀವು ಇಟ್ಟುಕೊಂಡಿರಿ. ಅದು ಮುಖ್ಯ ಅತಿಥಿಗಳನ್ನು ಸ್ವಾಗತಿಸಬೇಕಿತ್ತಂತೆ! ಆ ವಾರವೇ ರೂಪಾಲಿ ತೀರಿಕೊಂಡಳು. ಸೂತಕದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ. ಸೂತಕ ಕಳೆದ ಬೆಳಿಗ್ಗೆ ಅನುಜಾ ಅಂಗಳ ಸಾರಿಸಿ, ನೀವು ಹಿಂದಿರುಗಿಸಿದ ರೋಬೋಟಿನ ಡಬ್ಬಿ ತುಂಬಿ, ಗುಂಡಿ ಒತ್ತಿದಳು. ಪುಟ್ಟ ದೀಪಗಳಲ್ಲಿ 'ವೆಲ್‌ಕಮ್' ಎಂದು ಮಿನುಗುತ್ತ, ಬಿಳಿ ಗೆರೆ ಎಳೆದುಕೊಂಡು, ಅದು ನೆಟ್ಟಗೆ ಗಟಾರದತ್ತ ಹೋಯಿತು. ಮಗಳು ಅದರ ಹಿಂದೆ ಓಡಲಿಲ್ಲ, ಅಲ್ಲೇ ಕುಸಿದು ಕುಳಿತಳು. ಅವಳನ್ನು ಎಬ್ಬಿಸಲು ಹೋದ ನನಗೂ ಅಳು ತಡೆಯಲಾಗಲಿಲ್ಲ.

ವಿಚಾರಿಸಿದಾಗ ನಿಮ್ಮ ಸಿಬ್ಬಂದಿ ಸಮಾಧಾನ ಹೇಳಿದರು: "ಕಾಕಾ, ಪ್ರೋಗ್ರಾಮ್ ಅಷ್ಟ ತಗದೀವ್ರಿ, ಗಾಡಿಗೆ ಏನೂ ಆಗಿಲ್ಲ. ಪೋರಿ ಹುಷಾರ್ ಅದಾಳ, ಮತ್ತ ಬರೀತಾಳ."

ಬರೆಯುತ್ತಾಳೆ, ಸ್ವಾಮಿ. ಮಂಚದಿಂದ ಸಾಕು ಎನ್ನುವವರನ್ನು ಯಾವ ಇಲಾಖೆಯಿಂದ ತರಿಸಿಕೊಡುತ್ತೀರಿ? ಹೊಸತನ್ನು ಹಾಕಿದರೆ ಹಳೆಯದು ಅಳಿಯುತ್ತದೆಂಬುದು ಆ ಬೋರ್ಡಿನ ಮೊದಲ ಪಾಠ, ಮಕ್ಕಳಿಗೂ ಗೊತ್ತು. ಅಳಿಸಲೇ ಎಂದು ಮಗುವನ್ನು ಒಂದು ಮಾತು ಕೇಳಲು ಯಾವ ಮೇಲಧಿಕಾರಿಗಳ ಮಂಜೂರಾತಿ ಬೇಕಿತ್ತು?

ಪ್ರದರ್ಶನದಲ್ಲಿ ಅವಳಿಗೆ ಬಂದ ಪ್ರಶಸ್ತಿ ಪತ್ರ ನಿಮ್ಮಲ್ಲೇ ಇರಲಿ. ಅನುಜಾಗೆ ಆ ರಂಗೋಲಿಯ ಮೂರನೆಯ ಎಸಳಿನವರೆಗೆ ನೆನಪಿದೆ, ಅಲ್ಲಿ ಅವಳ ಕೈ ನಿಲ್ಲುತ್ತದೆ. ಪ್ರದರ್ಶನದ ದಿನ ರೋಬೋಟ್ ಬಿಡಿಸಿದ್ದನ್ನು ನಿಮ್ಮ ಸಿಬ್ಬಂದಿಯಾಗಲಿ, ತೀರ್ಪುಗಾರರಾಗಲಿ ನೋಡಿದ್ದರೆ, ಮೊಬೈಲಿನಲ್ಲಿ ಹಿಡಿದಿದ್ದರೆ, ದಯವಿಟ್ಟು ವಿಚಾರಿಸಿ ತಿಳಿಸಿ: ಮೂರನೆಯ ಎಸಳಾದ ಮೇಲೆ ಅದು ಎಡಕ್ಕೆ ಹೊರಳಿತೋ, ಬಲಕ್ಕೋ?

ಇಂತಿ,
ಮಗಳಿಗೆ ಉತ್ತರ ಹೇಳಲಾರದ,
ಗುರುನಾಥ, ಅಕ್ಕಲಕೋಟ